ಮದುವೆ ಮನೆಯ ಸ್ವರ ಕಾಯುವ ಫರ್ಘಲಿ

ಬೆಳಗಿನ ಬಾಂಗ್ ಮುಗಿಯುವ ಹೊತ್ತಿಗೆ ಕೈರೋದಲ್ಲಿ ಉಳಿದವರು ಏಳುತ್ತಾರೆ, ಮುಹಮ್ಮದ್ ಅಲಿ ಬೀದಿಯ ವಾದ್ಯಗಾರರು ಮಲಗಲು ಹೊರಡುತ್ತಾರೆ. ಹೊರಡುವ ಮುನ್ನ, ಮದುವೆಯಲ್ಲಿ ಕೈಕೊಟ್ಟ ಕೀಬೋರ್ಡುಗಳನ್ನು ಉಸ್ತಾ ಎಂದೇ ಕರೆಸಿಕೊಳ್ಳುವ ಮೇಸ್ತ್ರಿ ಫರ್ಘಲಿಯವರ ರಿಪೇರಿ ಅಂಗಡಿಯಲ್ಲಿ ಇಳಿಸುತ್ತಾರೆ. ಅಂಗಡಿ ಎಂದರೆ ಹೆಚ್ಚಾಯಿತು. ಒಳಗಿನ ಬೆಕ್ಕು ಮಗ್ಗುಲು ಬದಲಿಸಬೇಕಾದರೆ ಬೀದಿಗೆ ಬರಬೇಕು. ಆದರೂ ಈ ಊರಿನ ಅರ್ಧ ಮದುವೆಗಳು ಸುಸ್ವರವಾಗಿ ನಡೆಯುವುದು ಇದರಿಂದಲೇ. ಇನ್ನರ್ಧದವರು ಫರ್ಘಲಿಯವರ ಬಳಿ ಬರುವುದಿಲ್ಲ, ಅನುಭವಿಸುತ್ತಾರೆ.

ಇವತ್ತು ಮೊದಲು ಬಂದವನು ಕೀಬೋರ್ಡ್ ನುಡಿಸುವ ಶಲಬಿ. ಡೋಲು ಬಿದ್ದಾಗಲೆಲ್ಲ ಅವನ ಕಾಲುಸ್ವರ ಜಾರುತ್ತಿದೆ. ಕಪ್ಪು ಬಿಳಿ ಮನೆಗಳ ನಡುವೆ ಅಡಗಿರುವ ಆ ಕಾಲುಪಾಲು ಸ್ವರವನ್ನು ಎಡಗೈಯಲ್ಲಿ ಪುಟ್ಟ ಚಕ್ರ ತಿರುಗಿಸಿ ಹಿಡಿಯಬೇಕು. ಅದಿಲ್ಲದಿದ್ದರೆ ಇಲ್ಲಿ ಮದುಮಗಳು ಹೊಸಿಲನ್ನೇ ದಾಟಳು. ಚಕ್ರ ಬದಲಿಸಿದ್ದೂ ಆಗಿದೆ, ಗುಣ ಕಂಡಿಲ್ಲ. ಸಂಜೆ ಬೂಲಾಕ್‌ನ ಮದುವೆಯಲ್ಲೂ ಜಾರಿದರೆ ಮೇಳದ ಯಜಮಾನ ಬೇರೆಯವನನ್ನು ಕೂರಿಸುತ್ತಾನಂತೆ.

ದಕ್ಷಿಣದ ಸೋಹಾಗ್ ಊರಿನಿಂದ ಬಂದಾಗ ಫರ್ಘಲಿ ಇದೇ ಬೀದಿಯಲ್ಲಿ ಸ್ಪೀಕರ್ ಹೊರುವ ಕೂಲಿ. ಬೆಸುಗೆಯ ಹೊಗೆಗೆ ಒಂದು ಕಣ್ಣು ಮಂಜಾಗಿದೆ. ಉಳಿದ ಒಂದರಲ್ಲಿ ಇರುವೆಯ ಹುಬ್ಬು ಎಣಿಸುತ್ತಾರೆ. ದಿನಕ್ಕೆ ಏಳೆಂಟು ಕೀಬೋರ್ಡು ಮೇಜಿಗೆ ಬರುತ್ತವೆ, ಅದರ ಹತ್ತರಷ್ಟು ಚಹಾ ಹೊಟ್ಟೆಗೆ ಹೋಗುತ್ತದೆ.

ಶಲಬಿಯ ಕೀಬೋರ್ಡಿನ ಮುಚ್ಚಳ ತೆಗೆದು, ಸಾಲುಗಾಲಿನ ಕರಿ ಎಲೆಕ್ಟ್ರಾನಿಕ್ ಚಿಪ್ಪೊಂದನ್ನು ಚಿಮಟದಿಂದ ತೋರಿಸುತ್ತಾರೆ.

"ಚಕ್ರ ಬರೀ ಗುನುಗುತ್ತೆ, ಹೆಚ್ಚು ಕಡಿಮೆ ವೋಲ್ಟೇಜಲ್ಲಿ. ಪ್ರೊಸೆಸರಿಗೆ ಆ ಗುನುಗು ಅರ್ಥ ಆಗಲ್ಲ, ಅಂಕಿ ಬೇಕು. ನಡುವೆ ಕೂತು ಅಳೆದು ಅಂಕಿ ಹೇಳೋದು ಇವನು. ಚಕ್ರ, ಕಾಲಿನ ಪೆಡಲು, ವಾಲ್ಯೂಮು, ಒಬ್ಬೊಬ್ಬರನ್ನೇ ಸರದಿ ಪ್ರಕಾರ ವಿಚಾರಿಸ್ತಾನೆ."

ಅಷ್ಟರಲ್ಲಿ ಕೆಳಗೆ ಟೇಪು ಸುತ್ತಿದ ಪುಟ್ಟ ಬ್ಯಾಟರಿ ಕಣ್ಣಿಗೆ ಬೀಳುತ್ತದೆ. ಶಲಬಿ ಎದೆಯುಬ್ಬಿಸುತ್ತಾನೆ. ಮದುವೆ ಮನೆಯ ಕರೆಂಟನ್ನು ನಂಬಲಾಗದೆ ಚಕ್ರಕ್ಕೆ ಅದನ್ನು ತಾನೇ ಜೋಡಿಸಿದ್ದಾಗಿ ಹೇಳುತ್ತಾನೆ.

"ಭೇಷ್ ಕಣಯ್ಯಾ," ಎನ್ನುತ್ತಾರೆ ಫರ್ಘಲಿ. "ಚಕ್ರನ ಕಾಪಾಡಿ, ಅಳೆಯೋನನ್ನ ನಡುನೀರಲ್ಲಿ ಬಿಟ್ಟೆ. ಡೋಲು ಬಿದ್ದಾಗ ಸ್ಪೀಕರು ಕರೆಂಟು ಹೀರುತ್ತೆ, ಇವನ ಅಳತೆಕೋಲು ಅಂದ್ರೆ ಆ ಲೈನಿನ ವೋಲ್ಟೇಜೇ, ಅದು ಕುಗ್ಗುತ್ತೆ. ನಿನ್ನ ಚಕ್ರ ಮಾತ್ರ ಕುಗ್ಗಲ್ಲ. ಮೋಟು ಕೋಲಲ್ಲಿ ಅಳೆದ್ರೆ ಬಟ್ಟೆ ಉದ್ದ ಬರಲ್ವೇನೋ? ಇಬ್ಬರಿಗೂ ಒಂದೇ ಕಡೆಯಿಂದ ಕೊಡು. ಕುಗ್ಗಿದ್ರೂ ಜೊತೇಲೇ ಕುಗ್ತಾರೆ, ಲೆಕ್ಕ ತಪ್ಪಲ್ಲ."

ಬ್ಯಾಟರಿ ಕಸದ ಡಬ್ಬಿಗೆ ಹೋಗುತ್ತದೆ. ಒಂದು ತಂತಿ, ಎರಡು ಬೆಸುಗೆ. ಆಮೇಲೆ ಅಂಗಡಿಯ ದೊಡ್ಡ ಸ್ಪೀಕರನ್ನು ಕೀಬೋರ್ಡಿನ ಕರೆಂಟು ಲೈನಿಗೇ ಸಿಕ್ಕಿಸಿ ಡೋಲು ಬಾರಿಸಿದರೆ, ಗೋಡೆಯ ಗಾರೆ ಉದುರುತ್ತದೆ, ಎದುರು ಅಂಗಡಿಯ ಮುದುಕನ ಕಟ್ಟಿಸಿದ ಹಲ್ಲು ಸಡಿಲುತ್ತದೆ. ಕಾಲುಸ್ವರ ಮಾತ್ರ ಕೂದಲೆಳೆಯಷ್ಟೂ ಕದಲುವುದಿಲ್ಲ.

ಮರುದಿನ ಮುಂಜಾನೆ ಶಲಬಿ ಬರುವುದು ಮದುವೆಯ ಸಿಹಿ ಹಿಡಿದು. ಯಜಮಾನ ತಬ್ಬಿಕೊಂಡ ಕಥೆಯನ್ನು ಅವನು ಮೊದಲಿನಿಂದ ಹೇಳತೊಡಗಿದರೆ ಫರ್ಘಲಿ ಕೇಳುವುದು ಒಂದೇ:

"ಕುಣಿಯೋರು ಎಲ್ಲಾದ್ರೂ ತಡವರಿಸಿದ್ರಾ?"

"ಇಲ್ಲ ಉಸ್ತಾ. ವರನ ಅಜ್ಜಿ ಕೂಡ ಕೂರಲಿಲ್ಲ."

"ಹಂಗಾದ್ರೆ ಚಿಪ್ಪು ಸರಿಯಾಗೇ ಅಳೆದಿದೆ," ಎಂದು ಫರ್ಘಲಿ ಮುಂದಿನ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.