ಹೊರಸುತ್ತಿನ ತೊಗಲು

ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲಿದ್ದ ಪಾತ್ರೆಗಳನ್ನು ಗೋಡೆಯತ್ತ ತಳ್ಳಿ, ದೀಪವನ್ನು ಮೂಗಿಗೆ ತಾಗುವಷ್ಟು ಕೆಳಗೆ ಎಳೆದುಕೊಂಡು ಆಕೆ ವಾಚಿನ ಬೆಲ್ಟೊಂದನ್ನು ಹೊಲಿಯುತ್ತಿದ್ದಾರೆ. ಮೇಣ ಸವರಿದ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಒಂದು ಸೂಜಿ ಆಚೆ ಹೋಗುತ್ತದೆ, ಇನ್ನೊಂದು ಈಚೆ ಬರುತ್ತದೆ. ಪ್ರತಿ ಹೊಲಿಗೆಗೂ ದಾರವನ್ನು ಮೆಲ್ಲಗೆ ಎಳೆದು, ಒಮ್ಮೆ ಕಿಟಕಿಯ ಕಡೆ ನೋಡುತ್ತಾರೆ. ಹೊರಗೆ ಬಿಳುಪು ಮೂಡಿದರೆ ನದಿಯ ಮೊದಲ ದೋಣಿ ಹೊರಟುಬಿಡುತ್ತದೆ. ಅಷ್ಟರೊಳಗೆ ಈ ಬೆಲ್ಟು ದೋಣಿ ನಡೆಸುವವನ ಕೈ ಸೇರಬೇಕು.

“ಅವಸರ ಮಾಡಿ ಬಿಗಿಯಾಗಿ ಎಳೆದ್ರೆ ಕೆಟ್ಟೆ,” ಎನ್ನುತ್ತಾರೆ ತಲೆಯೆತ್ತದೆ, ಎದುರು ಕೂತ ನನಗೆ. “ಹಳೇ ತೊಗಲು. ತೂತಿಂದ ತೂತಿಗೆ ಹರ್ಕೊಂಡು ಹೋಗುತ್ತೆ, ಸ್ಟಾಂಪ್ ಹರಿದ ಹಾಗೆ.”

“ಹಾಗಾದ್ರೆ ಕಿಟಕಿ ನೋಡೋದು ಬಿಡು,” ಎನ್ನುತ್ತಾರೆ ಒಲೆಯ ಬಳಿ ಚಹಾ ಕಾಯಿಸುತ್ತಿರುವ ಅವರ ಯಜಮಾನರು. “ನೀನು ನೋಡ್ತಿದೀಯ ಅಂತ ಸೂರ್ಯ ನಿಧಾನಕ್ಕೆ ಬರಲ್ಲ.”

“ನೀವು ಚಹಾ ಉಕ್ಕಿಸಬೇಡಿ, ಅಷ್ಟು ಮಾಡಿ ಸಾಕು.”

ಓಣಿಯವರಿಗೆಲ್ಲ ಈಕೆ ಬೆಲ್ಟಕ್ಕ. ಸೊಂಟಕ್ಕೋ ಕೈಗೋ ಎಂದು ಕೇಳಿಕೊಂಡು ಬಾಗಿಲು ತಟ್ಟುವವರು ಈಗಲೂ ಇದ್ದಾರಂತೆ. ಮೊದಲು ಚೀಲದ ಕಾರ್ಖಾನೆಯಲ್ಲಿ ಹಿಡಿಕೆ ಹೊಲಿಯುತ್ತಿದ್ದರು. ಕಾರ್ಖಾನೆಗೆ ಬೀಗ ಬಿತ್ತು. ಹೊಲಿಗೆ ಯಂತ್ರದ ಮುಂದೆ ಆಯುಷ್ಯ ಕಳೆದ ಯಜಮಾನರಿಗೆ ಅದೇ ಹೊತ್ತಿಗೆ ಕಣ್ಣು ಮಂಜಾಯಿತು. ಇಬ್ಬರೂ ಮನೆಯಲ್ಲಿ ಕೂತು ಮುಖ ಮುಖ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ, ಒಂದು ಹರಿದ ಚೀಲದ ಹಿಡಿಕೆ ಕತ್ತರಿಸಿ ಗಂಡನ ವಾಚಿಗೆ ಬೆಲ್ಟು ಮಾಡಿಕೊಟ್ಟರು. ಪಕ್ಕದ ಮನೆಯಾಕೆ ನೋಡಿ ತನಗೂ ಬೇಕೆಂದಳು. ಅವಳ ತಂಗಿಗೂ ಬೇಕಾಯಿತು. ಹಾಗೆ ಶುರುವಾದದ್ದು ಇವತ್ತಿನವರೆಗೂ ನಡೆದಿದೆ. ದಿನಕ್ಕೆ ಎರಡು ಬೆಲ್ಟು, ಕೈ ಒಗ್ಗಿ ಬಂದರೆ ಮೂರು.

ಹೊಸ ತೊಗಲು ಕೊಳ್ಳುವ ಮಾತಿಲ್ಲ. ಗುಜರಿಯವನ ಬಳಿ ಸಿಗುವ ಹಳೆಯ ಸರಕೇ ಬಂಡವಾಳ. ಈಗ ಬಳಸುತ್ತಿರುವ ಸುರುಳಿಯನ್ನು ಕುದುರೆಯ ಜೀನಿಗೆಂದು ಯಾವುದೋ ಕಾಲದಲ್ಲಿ ಸೈನ್ಯದ ಉಗ್ರಾಣಕ್ಕೆ ತರಿಸಿದ್ದರಂತೆ. ಆಮೇಲೆ ಕುದುರೆಗಳೇ ಹೋದವು, ತೊಗಲು ಉಳಿಯಿತು, ಹರಾಜಿಗೆ ಬಂತು. “ಅಂಥ ತೊಗಲು ಈಗ ಯಾರು ಹದ ಮಾಡ್ತಾರೆ? ಬೆವರಿಗೆ ಜಗ್ಗಲ್ಲ, ಕೈ ಕೆರೆಯಲ್ಲ,” ಎನ್ನುವಾಗ ಬೆಲ್ಟಕ್ಕನ ದನಿ ಅರಳುತ್ತದೆ. ಆದರೆ ಮರುಗಳಿಗೆಯೇ ಕುಗ್ಗುತ್ತದೆ. “ಅಂಥದ್ದನ್ನ ನಾನೇ ಕೈಯಾರೆ ಹಾಳು ಮಾಡಿದೆ.”

ತೊಗಲಿನ ಕೆಲಸದವರಿಗೆ ತೇವವೆಂದರೆ ದಿಗಿಲು. ಬೂಸ್ಟು ಬಂದರೆ ಮಾಲೆಲ್ಲ ಹೋದಂತೆ. ಆ ಭಯಕ್ಕೇ ಬೆಲ್ಟಕ್ಕ ಸುರುಳಿಯನ್ನು ಮನೆಯಲ್ಲೆಲ್ಲ ಒಣಗಿದ ಜಾಗ ಹುಡುಕಿ ಇಟ್ಟರು. ಅದು ಒಲೆಯ ನೇರಕ್ಕಿರುವ ಅಟ್ಟ. ಬೂಸ್ಟೇನೋ ಬರಲಿಲ್ಲ. ದಿನವೂ ಮೇಲೇರುವ ಕಾವಿಗೆ ಸುರುಳಿಯ ಹೊರಸುತ್ತು ಒಳಗೊಳಗೇ ಬೆಂದುಹೋಯಿತು. ಮೇಲೆ ನೋಡಿದರೆ ಅದೇ ಹೊಳಪು, ಅದೇ ಕಂದು ಬಣ್ಣ. ಕತ್ತರಿಸುವುದು ಹೊರಗಿನಿಂದಲ್ಲವೇ? ಹಾಗಾಗಿ ಈ ಸುರುಳಿಯಲ್ಲಿ ಮೊದಲು ಹೊಲಿದು ಕೊಟ್ಟ ಬೆಲ್ಟುಗಳೆಲ್ಲ ಬೆಂದ ತೊಗಲಿನವು.

ಗೊತ್ತಾದದ್ದು ಕಳೆದ ವಾರ. ಶಾಲೆಯ ಮೇಷ್ಟ್ರೊಬ್ಬರು ತುಂಡಾದ ಬೆಲ್ಟು ಹಿಡಿದುಕೊಂಡು ಬಂದರು. ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕಳಚಿ ಕಾಲಬುಡಕ್ಕೆ ಬಿತ್ತಂತೆ, ವಾಚಿಗೇನೂ ಆಗಲಿಲ್ಲವೆಂದು ಅವರು ನಗುತ್ತಲೇ ಹೇಳಿದರು. ಬೆಲ್ಟಕ್ಕ ನಗಲಿಲ್ಲ. ತುಂಡಾದ ಕಡೆ ಬೆರಳಿಟ್ಟರೆ ಇಟ್ಟಿಗೆಪುಡಿಯಂಥ ಕೆಂಪು ಅಂಟಿಕೊಂಡಿತು.

“ಆವತ್ತಿಂದ ನನಗೆ ನಿದ್ದೆ ಇಲ್ಲ. ನಾನು ಕೊಟ್ಟಿದ್ದು ಯಾರ ಕೈಯಲ್ಲಿ ಯಾವ ಗಳಿಗೆಗೆ ಕಳಚುತ್ತೋ.”

“ಅವಳಿಗೂ ಇಲ್ಲ, ನನಗೂ ಇಲ್ಲ,” ಎಂದು ಯಜಮಾನರು ಸೇರಿಸುತ್ತಾರೆ. “ಮಗ್ಗುಲು ಬದಲಿಸಿ ಬದಲಿಸಿ ಎಲ್ಲರ ಮಣಿಕಟ್ಟೂ ವರ್ಣಿಸ್ತಾಳೆ.”

ಬೆಲ್ಟಕ್ಕನಿಗೆ ಜನರ ಮುಖಕ್ಕಿಂತ ಮಣಿಕಟ್ಟು ನೆನಪಿರುತ್ತದೆ. ಕಡ್ಡಿಯಂಥ ಕೈಯ ನರ್ಸಮ್ಮ. ಬಳೆಯ ಗುರುತು ಬಿದ್ದ ಹಣ್ಣಿನಂಗಡಿಯಾಕೆ. ಮೂಳೆ ಎದ್ದು ಕಾಣುವ ನಾದಿನಿ. ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಹಳೆಯದು ಬಿಚ್ಚಿಸಿ, ಒಳಸುತ್ತಿನ ಗಟ್ಟಿ ತೊಗಲಿನದು ಹಾಕಿ ಬಂದಿದ್ದಾರೆ. “ಮುಯ್ಯಿಗೆ ಕೊಟ್ಟಿದ್ದನ್ನೂ ವಾಪಸ್ ಕೇಳ್ತಾಳಲ್ಲ ಅತ್ತಿಗೆ” ಎಂದು ನಾದಿನಿ ಊರೆಲ್ಲ ಹೇಳಿಕೊಂಡು ನಗುತ್ತಿದ್ದಾಳಂತೆ.

ಉಳಿದವನು ದೋಣಿಯವನೊಬ್ಬನೇ. ಅವನ ಕೈಯಲ್ಲಿರುವುದು ತೀರಿಕೊಂಡ ಅಪ್ಪನ ಕೀಲಿ ಕೊಡುವ ವಾಚು. ಬೇರೆಯವರದು ಕಳಚಿದರೆ ನೆಲಕ್ಕೆ ಬೀಳುತ್ತದೆ, ಎತ್ತಿಕೊಳ್ಳಬಹುದು. ಅವನದು ನದಿಗೆ ಬೀಳುತ್ತದೆ. ಎರಡು ಸಲ ಹೇಳಿಕಳಿಸಿದರೂ ಅವನು ಬರಲಿಲ್ಲ. ‘ಬೆಲ್ಟು ಕಲ್ಲಿನ ಹಾಗಿದೆ, ಅಕ್ಕನಿಗೆ ಸುಮ್ಮನಿರೋಕೆ ಹೇಳಿ’ ಎಂಬ ಉತ್ತರವಷ್ಟೇ ಬಂತು.

ಕೊನೆಯ ಹೊಲಿಗೆ ಬಿದ್ದದ್ದೇ ತಡ, ದಾರ ಕತ್ತರಿಸಿ, ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಲ್ಟಕ್ಕ ಮೆಟ್ಟಿಲಿಳಿಯುತ್ತಾರೆ. ಚಹಾ ಹಾಗೇ ಉಳಿಯುತ್ತದೆ. ನಾನೂ ಹಿಂದೆಯೇ ಓಣಿ ದಾಟಿ ದಡ ಸೇರುತ್ತೇನೆ. ದೋಣಿ ತುಂಬಿದೆ. ಅವನು ಬಗ್ಗಿ ಹಗ್ಗ ಬಿಚ್ಚುತ್ತಿದ್ದಾನೆ. ವಾಚು ಕಟ್ಟಿದ ಕೈ ನೀರಿನ ಮೇಲೇ ಚಾಚಿದೆ.

“ಆ ಕೈ ಈಚೆ ತೆಗಿಯಪ್ಪ ಮೊದಲು.”

“ಏನಕ್ಕಾ ಇದು, ಬೆಳಗಾಗೋ ಮುಂಚೆ? ಗಟ್ಟಿಯಾಗೇ ಇದೆಯಲ್ಲ.”

“ಬಿಚ್ಚಿ ಕೊಡು.”

“ಜನ ಕಾಯ್ತಿದಾರೆ.”

“ಕಾಯ್ಲಿ. ಅವರೂ ನೋಡ್ಲಿ.”

ಗೊಣಗುತ್ತಲೇ ಬಿಚ್ಚಿಕೊಡುತ್ತಾನೆ. ಬೆಲ್ಟಕ್ಕ ಅದನ್ನು ಮಡಚುತ್ತಾರೆ. ಬಿರುಕಿಲ್ಲ. ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾರೆ. ತುಂಡಾಗುವುದಿಲ್ಲ. ದೋಣಿಯಲ್ಲಿದ್ದ ಒಬ್ಬರು, “ತನ್ನ ಮಾಲನ್ನ ತಾನೇ ಬೈಯೋ ವ್ಯಾಪಾರ ಇದೇ ಮೊದಲು ನೋಡಿದ್ದು,” ಎನ್ನುತ್ತಾರೆ. ನಗು ಏಳುತ್ತದೆ. ಆಕೆಯ ಕಿವಿ ಕೆಂಪಾಗುತ್ತದೆ. ಇಷ್ಟಾದರೂ ವಾಚಿನಿಂದ ಹಳೆಯ ಬೆಲ್ಟನ್ನು ಕಳಚಿ ಹೊಸದನ್ನು ಸಿಕ್ಕಿಸುತ್ತಾರೆ.

“ಸರಿ, ಹಳೇದೂ ಕೊಡು. ಇನ್ನೂ ಬಾಳಿಕೆ ಬರುತ್ತೆ,” ಎಂದು ಅವನು ಕೈ ಚಾಚುತ್ತಾನೆ.

ಬೆಲ್ಟಕ್ಕ ದಡದ ಕಲ್ಲಿನ ಮೇಲೆ ಹಳೆಯ ಬೆಲ್ಟನ್ನಿಟ್ಟು, ಅದರ ನಡುವಿಗೆ ಕತ್ತಿ ಒತ್ತಿ ತುಂಡರಿಸುತ್ತಾರೆ. ಒಂದು ತುಂಡನ್ನು ಅವನ ಅಂಗೈಯಲ್ಲಿಟ್ಟು ಉಜ್ಜಲು ಹೇಳುತ್ತಾರೆ. ಅವನು ಹೆಬ್ಬೆರಳಿನಿಂದ ಉಜ್ಜುತ್ತಾನೆ. ಕೆಂಪು ಪುಡಿ ಅಂಗೈ ತುಂಬ ಉದುರುತ್ತದೆ. ಮೇಲಿನ ಕಂದು ಸಿಪ್ಪೆ ಮತ್ತು ಹೊಲಿಗೆಯ ದಾರ, ಅಷ್ಟೇ ಇಷ್ಟು ದಿನ ವಾಚನ್ನು ಹಿಡಿದುಕೊಂಡಿದ್ದದ್ದು. ದೋಣಿಯಲ್ಲಿ ಯಾರೂ ನಗುವುದಿಲ್ಲ. ಅವನು ಪುಡಿಯನ್ನು ಲುಂಗಿಗೆ ಒರೆಸಿಕೊಂಡು, ಮಣಿಕಟ್ಟು ಮುಂದೆ ಹಿಡಿಯುತ್ತಾನೆ. ಆಕೆ ವಾಚು ಕಟ್ಟಿ, ಬಕಲು ಹಾಕಿ, ಸಂದಿಯಲ್ಲಿ ಬೆರಳು ತೂರಿಸಿ ನೋಡಿ ಬಿಡುತ್ತಾರೆ.

ದೋಣಿ ನಡುನೀರು ಸೇರುವವರೆಗೂ ಬೆಲ್ಟಕ್ಕ ಅಲ್ಲಿಂದ ಕದಲುವುದಿಲ್ಲ. ಇನ್ನಾದರೂ ನಿದ್ದೆ ಬರಬಹುದಲ್ಲ ಎಂದು ನಾನು ಕೇಳಿದರೆ ತಲೆಯಾಡಿಸುತ್ತಾರೆ.

“ಎಲ್ಲಿ ಬರುತ್ತೆ? ಹೊಸದೂ ನನ್ನ ಕೈಯದೇ ಅಲ್ವಾ.” ಕತ್ತಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾ, “ನಾನು ಹೊಲಿದ ಬೆಲ್ಟು ಕಟ್ಕೊಂಡೋರು ಅದು ಕೈಯಲ್ಲಿದೆ ಅನ್ನೋದನ್ನೇ ಮರೆತುಬಿಡ್ಬೇಕು. ನೆನಪಿಟ್ಕೊಳ್ಳೋಕೆ ನಾನಿದೀನಲ್ಲ,” ಎನ್ನುತ್ತಾರೆ.