ತೂಕ ಹಾಕುವವಳ ತೂಕ

ನನ್ನ ಅತ್ತಿಗೆ ಪಾರ್ಸೆಲ್ ಕಚೇರಿಯಲ್ಲಿ ತೂಕ ಹಾಕುವವಳು. ಡಬ್ಬವನ್ನು ಕೈಯಲ್ಲಿ ಎತ್ತಿದರೆ ಸಾಕು, ಎಷ್ಟು ಕಿಲೋ ಎಂದು ಹೇಳಿಬಿಡುತ್ತಾಳೆ. ಅಂಥವಳು ಬಸಿರಾದಾಗ ಅವಳದೇ ತೂಕ ಏರದೆ ನಮ್ಮನ್ನೆಲ್ಲ ಹೈರಾಣ ಮಾಡಿತು.

ಐದು ತಿಂಗಳು ತುಂಬಿದರೂ ಆಸ್ಪತ್ರೆಯ ಚೀಟಿಯಲ್ಲಿ ಅದೇ ಐವತ್ತು ಕಿಲೋ. "ಹೀಗೇ ಆದ್ರೆ ಮಗು ಬೆಳೆಯೋದು ಕಷ್ಟ," ಎಂದರು ನರ್ಸಮ್ಮ. ಮನೆಯಲ್ಲಿ ಅಮ್ಮ ಬಡಿಸಿದ್ದೇ ಬಡಿಸಿದ್ದು, ಅಣ್ಣ ಹಾಲಿನ ಲೋಟ ಹಿಡಿದು ಹೆಂಡತಿಯ ಹಿಂದೆ ಸುತ್ತಿದ್ದೇ ಸುತ್ತಿದ್ದು. ನಾನೇನು ಕಡಿಮೆಯೇ? ತಟ್ಟೆ ಖಾಲಿಯಾಗುವವರೆಗೆ ಎದುರಿಗೇ ಠಿಕಾಣಿ ಹೂಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಪಾಪ, ತುತ್ತು ಅವಳ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಮುಂದಿನ ತಪಾಸಣೆಗೆ ನಾನೂ ಜೊತೆಗೆ ಹೋದೆ. ನರ್ಸಮ್ಮ ಈ ಸಲ ಊಟದ ಮಾತೇ ಎತ್ತಲಿಲ್ಲ.

"ನಿದ್ದೆ ಬರುತ್ತಾ?"

"ಇಲ್ಲ."

"ಏನಮ್ಮಾ ಅಷ್ಟೊಂದು ಯೋಚನೆ?"

ಅತ್ತಿಗೆ ಗಳಗಳನೆ ಅತ್ತಳು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೋದ ವರ್ಷ ಬಸಿರಿಯೊಬ್ಬಳನ್ನು ಕಚೇರಿಯ ಸಾಹೇಬರು ಬಾಯಿಮಾತಿನಲ್ಲೇ ಮನೆಗೆ ಕಳಿಸಿದ್ದರಂತೆ. ಅದಕ್ಕೇ ಇವಳು ದೊಗಲೆ ಕೋಟಿನೊಳಗೆ ಹೊಟ್ಟೆ ಮುಚ್ಚಿಟ್ಟಿದ್ದಳು. ಅಲ್ಲಿ ವಾಂತಿಯಾದರೆ ಗುಟ್ಟು ರಟ್ಟಾಗುತ್ತದೆಂದು ಮಧ್ಯಾಹ್ನದ ಬುತ್ತಿಯನ್ನು ದಿನಾ ಬೀದಿನಾಯಿಗೆ ಹಾಕುತ್ತಿದ್ದಳು.

"ತಟ್ಟೆ ತುಂಬಿಸಿದ್ರೆ ಆಗಲ್ಲ, ಮೊದಲು ಈ ಹೆದರಿಕೆ ಹೋಗ್ಬೇಕು," ಎಂದು ನರ್ಸಮ್ಮ ನನ್ನ ಕಡೆ ತಿರುಗಿದರು. ಆ ರಾತ್ರಿ ನಾನು ಅವಳ ತಟ್ಟೆಯೆದುರು ಕೂರಲಿಲ್ಲ.

ಮರುದಿನ ಅತ್ತಿಗೆ ಕೋಟನ್ನು ಮನೆಯಲ್ಲೇ ಬಿಟ್ಟು ಹೊರಟಳು. ಪಾರ್ಸೆಲ್ ಕಳಿಸುವ ನೆಪದಲ್ಲಿ ನಾನೂ ಬೆನ್ನಿಗೆ ಹೋದೆ. ಅವಳ ಹೊಟ್ಟೆ ನೋಡಿದ್ದೇ ತಡ, ಸಾಹೇಬರ ಹುಬ್ಬು ಗಂಟಾಯಿತು.

"ಇನ್ನು ನೀನು ಮನೇಲಿರೋದು ಒಳ್ಳೇದು."

"ಬಸಿರಿ ಅಂತ ಕೆಲಸದಿಂದ ತೆಗೀತಿದ್ದೀನಿ ಅಂತ ಬರೆದು ಸಹಿ ಹಾಕಿ ಕೊಡಿ ಸಾರ್, ಈಗಲೇ ಹೋಗ್ತೀನಿ."

ಅವಳ ದನಿ ಗಟ್ಟಿಯಾಗಿತ್ತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಸುತ್ತ ನಿಂತವರನ್ನು ನೋಡಿದರು, ಮುಚ್ಚಳ ಹಾಕಿದರು. ಬಾಯಲ್ಲಿ ಹೇಳಿದಷ್ಟು ಸುಲಭವೇ ಅದನ್ನು ಬರೆದುಕೊಡುವುದು?

"ಆಯ್ತು, ಕೆಲಸ ನೋಡಮ್ಮ," ಎಂದು ಗೊಣಗಿ ಒಳಗೆ ಹೋದರು.

ಅವತ್ತು ಅತ್ತಿಗೆ ಎಲ್ಲರೆದುರೇ ಕೂತು ಬುತ್ತಿ ಪೂರ್ತಿ ಖಾಲಿ ಮಾಡಿದಳು. ನಾಯಿಗೆ ಉಪವಾಸ.

ಮುಂದಿನ ತಿಂಗಳ ಚೀಟಿಯಲ್ಲಿ ಎರಡು ಕಿಲೋ ಏರಿತ್ತು. ಅಣ್ಣ ಅದನ್ನು ಪರೀಕ್ಷೆ ಪಾಸಾದವನಂತೆ ಬೀದಿಗೆಲ್ಲ ತೋರಿಸಿ ಬಂದ. ಎಂಟನೆಯ ತಿಂಗಳಲ್ಲಿ ಕೆಲಸ ಕಾಯಂ ಆಯಿತು, ಹೆರಿಗೆ ರಜೆಯೂ ಸಿಕ್ಕಿತು.

ಹೆರಿಗೆಯಾದಾಗ ನರ್ಸಮ್ಮ ಮಗುವನ್ನು ತಕ್ಕಡಿಯ ಕಡೆಗೆ ಒಯ್ಯುತ್ತಿದ್ದರು. ಅತ್ತಿಗೆ ಮಲಗಿದ್ದಲ್ಲಿಂದಲೇ ಎರಡೂ ಕೈ ಚಾಚಿ, "ಒಂದ್ನಿಮಿಷ ಇಲ್ಲಿ ಕೊಡಿ," ಎಂದಳು. ಮಗಳನ್ನು ಅಂಗೈ ಮೇಲೆ ಎತ್ತಿ ಹಿಡಿದು ಕಣ್ಣು ಮುಚ್ಚಿದಳು.

"ಮೂರು ಕಿಲೋ. ಮೇಲೊಂದು ನೂರು ಗ್ರಾಂ."

ತಕ್ಕಡಿಯೂ ಅಷ್ಟೇ ಹೇಳಿತು.