ಹಿಡಿ ಅಕ್ಕಿಯ ಡಬ್ಬಿ

ಇವತ್ತು ಬೆಳಿಗ್ಗೆ ಹಿಡಿ ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಒಣ ಬೇವಿನೆಲೆಯ ಘಾಟಿನ ಜೊತೆಗೆ ಇನ್ನೊಂದು ವಾಸನೆ ಮೂಗಿಗೆ ಬಂತು. ಬೇಯಿಸಿ ಒಣಗಿಸಿದ ಭತ್ತದ ವಾಸನೆ. ಬಗ್ಗಿ ನೋಡಿದರೆ ಬಿಳಿ ಸೋನಾಮಸೂರಿಯ ಮೇಲೆ ಒಂದು ಪುಟ್ಟ ಹಿಡಿಯಷ್ಟು ದಪ್ಪ ಕುಚ್ಚಲಕ್ಕಿ. "ಇಲ್ಲಿ ಬಾರೇ, ನೋಡು" ಎಂದು ಹೆಂಡತಿಯನ್ನು ಕರೆದೆ. "ನೋಡೋದೇನು? ನಿನ್ನೆ ನಿಮ್ಮ ಮುಂದೇ ತಾನೆ ಹಾಕಿದ್ದು" ಎಂದು ಅವಳು ಕುಕ್ಕರ್ ತೊಳೆಯಲು ಹೋದಳು. ನಿಜ, ಯಾರು ಹಾಕಿದ್ದೆಂದು ನನಗೆ ಗೊತ್ತು. ನಿಮಗೂ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಕರುಣಮ್ಮನವರ ವಿಷಯ ಹೇಳಬೇಕು.

ಅದಕ್ಕೂ ಮೊದಲು ಈ ಡಬ್ಬಿಯ ವಿಷಯ. ನಾವು ದೆಹಲಿಯಲ್ಲಿರುವ ಕನ್ನಡ ಕ್ರೈಸ್ತರು, ಬೆರಳೆಣಿಕೆಯ ಕುಟುಂಬಗಳು. ನಮಗೆ ಸ್ವಂತ ಚರ್ಚ್ ಇಲ್ಲ. ಇನ್ನೊಂದು ಸಭೆಯವರು ಭಾನುವಾರದ ಆರಾಧನೆ ಮುಗಿಸಿ ಊಟಕ್ಕೆ ಹೋದ ಮೇಲೆ ಅವರ ಹಾಲ್‌ನಲ್ಲಿ ನಾವು ಸೇರುತ್ತೇವೆ. ಜೂನ್ ತಿಂಗಳ ದೆಹಲಿಯಲ್ಲಿ, ಮಧ್ಯಾಹ್ನದ ಊಟ ಹೊಟ್ಟೆಯಲ್ಲಿರುವಾಗ, ತೂಕಡಿಸದೆ ಪಾದ್ರಿಗಳ ಪ್ರಸಂಗ ಕೇಳುವುದಕ್ಕೆ ಬಹಳ ದೊಡ್ಡ ವಿಶ್ವಾಸ ಬೇಕು. ನನ್ನದು ಅಷ್ಟು ದೊಡ್ಡದಲ್ಲ. ಆದರೆ ಊರಿನಿಂದ ತಂದ ಒಂದು ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಅಡುಗೆಗೆಂದು ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಇಡುತ್ತೇವೆ. ಎಲ್ಲ ಮನೆಗಳ ಹಿಡಿ ಅಕ್ಕಿ ದೊಡ್ಡ ಡಬ್ಬಿ ಸೇರುತ್ತದೆ. ಬೇಸಿಗೆಯ ಹೊತ್ತಿಗೆ ನಮ್ಮ ಸಭೆ ನಡೆಸುವ ಸುಗ್ಗಿ ಹಬ್ಬದ ದಿನ ಅದನ್ನು ಹರಾಜು ಹಾಕಿ, ಬಂದದ್ದನ್ನು ಮಿಷನ್‌ಗೆ, ಅಂದರೆ ದೂರದ ಗುಡ್ಡಗಾಡಿನಲ್ಲಿ ಬಡ ಮಕ್ಕಳ ಹಾಸ್ಟೆಲ್ ನಡೆಸುವವರಿಗೆ, ಕಳಿಸುತ್ತೇವೆ. ಹರಾಜಿನಲ್ಲಿ ಹೆಂಡತಿ ಮೊಣಕೈಯಿಂದ ತಿವಿದಾಗಲೆಲ್ಲ ಕೈ ಎತ್ತಿ, ಆಮೇಲೆ ತಿಂಗಳುಗಟ್ಟಲೆ ಆ ಅಕ್ಕಿಯ ದೋಸೆ ತಿಂದವನು ನಾನು. ದೋಸೆಯೇ ಯಾಕೆಂದರೆ, ಅದರಲ್ಲಿ ಒಬ್ಬರ ಬಾಸುಮತಿ, ಒಬ್ಬರ ಸೋನಾಮಸೂರಿ, ಕರಾವಳಿಯವರ ಕುಚ್ಚಲಕ್ಕಿ ಎಲ್ಲ ಕಲಸಿಹೋಗಿರುತ್ತಿತ್ತು. ಅದನ್ನು ಯಾರೂ ಅನ್ನ ಮಾಡುವ ಸಾಹಸಕ್ಕೆ ಹೋಗುತ್ತಿರಲಿಲ್ಲ.

ಕರುಣಮ್ಮ ಉಡುಪಿ ಕಡೆಯವರು. ಕಿದ್ವಾಯಿ ನಗರದಲ್ಲಿ ನಮ್ಮ ಕೆಳಗಿನ ಕ್ವಾರ್ಟರ್ಸ್‌ನಲ್ಲಿ ಮಗನ ಜೊತೆಗಿದ್ದರು. ಗಿಡ್ಡ ಆಳು, ದೊಡ್ಡ ದನಿ. ಕೀರ್ತನೆ ಹಾಡುವಾಗ ಎಲ್ಲರಿಗಿಂತ ಒಂದು ಸಾಲು ಮುಂದೆ ಇರುತ್ತಿದ್ದರು. ನಾನು ಒಂದು ಸಾಲು ಹಿಂದೆ. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡ ಸಭೆಯ ಪಾಡು ಕೇಳಬೇಡಿ. ಹಾಲ್‌ನಲ್ಲಿ ಇಟ್ಟರೆ ಇಲಿ ಕಾಟವೆಂದು ಡಬ್ಬಿ ಅವರ ಮನೆಯಲ್ಲೇ ಇರುತ್ತಿತ್ತು. ಹುಳು ಬೀಳದಂತೆ ಬೇವಿನೆಲೆ ಹಾಕಿ, ಮೇಲೆ ಒಂದು ಹಳೆಯ ಸೀರೆಯ ತುಂಡು ಕಟ್ಟಿ ಕಾಯುತ್ತಿದ್ದರು.

ಲಾಕ್‌ಡೌನ್ ಶುರುವಾದ ಹೊಸತು. ಸುಗ್ಗಿ ಹಬ್ಬ ಹತ್ತಿರದಲ್ಲೇ ಇತ್ತು, ಡಬ್ಬಿ ತುಂಬಿತ್ತು. ಒಂದು ಬೆಳಿಗ್ಗೆ ಕರುಣಮ್ಮ ಮೆಟ್ಟಿಲ ಕೆಳಗಿನಿಂದಲೇ ನನ್ನನ್ನು ಕೂಗಿದರು. ಇಳಿದು ಹೋದೆ. ಮುಖ ಬಿಳಿಚಿಕೊಂಡಿತ್ತು.

"ಸುನೀತಾ ಫೋನ್ ಮಾಡಿದ್ಲು ಮಾರಾಯ್ರೆ. ಊರಿಗೆ ಹೊರಟಿದ್ದಾಳಂತೆ. ನಡ್ಕೊಂಡು!"

ಸುನೀತಾ ಎಂದರೆ ಭಾನುವಾರ ನಮ್ಮ ಹಾಲ್ ಗುಡಿಸುತ್ತಿದ್ದ ಬಿಹಾರದ ಹುಡುಗಿ. ವಾರದ ಉಳಿದ ದಿನ ಓಖ್ಲಾದ ಒಂದು ಗಾರ್ಮೆಂಟ್ ಯೂನಿಟ್‌ನಲ್ಲಿ ದಾರ ಕತ್ತರಿಸುವ ಕೆಲಸ. ಆಗ ಅವಳು ತುಂಬು ಗರ್ಭಿಣಿ. ಯೂನಿಟ್ ಮುಚ್ಚಿತ್ತು, ಕೋಣೆಯಲ್ಲಿ ಹಿಟ್ಟು ಮುಗಿದಿತ್ತು, ಸಿಲಿಂಡರ್ ಖಾಲಿ. ಆ ಗಲ್ಲಿಯವರೆಲ್ಲ ಮಧ್ಯಾಹ್ನ ಗಂಟು ಹೊತ್ತು ಹೊರಡುವುದೆಂದು ತೀರ್ಮಾನವಾಗಿತ್ತು. ಇಲ್ಲಿ ಹಸಿದು ಸಾಯುವುದಕ್ಕಿಂತ ದಾರಿ ಹಿಡಿಯುವುದೇ ಮೇಲು ಎಂದು ಅವಳ ಗಂಡ ಹಟ ಹಿಡಿದಿದ್ದ.

"ನೀವೇನಂದ್ರಿ?"

"ಬಾರಹ್ ಬಜೇ ತಕ್ ರುಕ್, ಮೈ ಖಾನಾ ಲೇಕೇ ಆತೀ ಅಂದೆ. ನೀನು ಕೂತ್ಕೋ, ಹನ್ನೆರಡಕ್ಕೆ ಊಟ ತರ್ತೇನೆ ಅಂತ ಮಾತು ಕೊಟ್ಟುಬಿಟ್ಟೆ. ನಿಮ್ಮ ಹತ್ರ ಆಫೀಸಿನ ಪಾಸ್ ಉಂಟಲ್ಲ? ಕಾರು ತೆಗೀರಿ."

ಪಾಸ್ ಇದ್ದದ್ದು ಸಚಿವಾಲಯಕ್ಕೆ ಹೋಗಿ ಫೈಲು ನೋಡುವುದಕ್ಕೆ, ಓಖ್ಲಾಕ್ಕೆ ಊಟ ಒಯ್ಯುವುದಕ್ಕಲ್ಲ. ಆದರೆ ಕರುಣಮ್ಮನ ಎದುರು ಇಂಥ ಸೂಕ್ಷ್ಮಗಳನ್ನು ವಿವರಿಸುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ. ಗಲ್ಲಿಯ ಅಷ್ಟೊಂದು ಜನರಿಗೆ ಅಕ್ಕಿ ಎಲ್ಲಿಂದ ಎಂದು ಮಾತ್ರ ಕೇಳಿದೆ. ಅವರು ಮೂಲೆಯ ಡಬ್ಬಿಯ ಕಡೆ ನೋಡಿದರು.

ಅದನ್ನು ಮುಟ್ಟಬೇಕಾದರೆ ಸಭೆಯ ಕಾರ್ಯದರ್ಶಿ ದೇವಪ್ರಸಾದರನ್ನು ಕೇಳಬೇಕು. ನಿವೃತ್ತ ಅಧಿಕಾರಿ, ವಸಂತ್ ಕುಂಜ್‌ನಲ್ಲಿ ಮನೆ, ನಿಯಮ ಅಂದರೆ ನಿಯಮ. ಫೋನ್ ಸ್ಪೀಕರ್‌ಗೆ ಹಾಕಿದೆವು.

"ಅದು ಮಿಷನ್ ಅಕ್ಕಿ ಕರುಣಮ್ಮ. ಪ್ರಾರ್ಥನೆ ಮಾಡಿ ಎತ್ತಿಟ್ಟದ್ದು. ಮುಟ್ಟೋ ಹಾಗಿಲ್ಲ."

"ಹಸಿದವರಿಗೆ ಹಾಕೋದಕ್ಕೂ ಇಲ್ವಾ?"

"ಆ ಹಾಸ್ಟೆಲ್‌ಗೆ ನಾನು ಹೋಗಿ ಬಂದಿದ್ದೀನಿ. ಆ ಮಕ್ಕಳನ್ನು ನೀವು ನೋಡಿಲ್ಲ. ಅವರಿಗೂ ಇದೇ ಲಾಕ್‌ಡೌನ್ ಅಲ್ವಾ? ದಿನಕ್ಕೊಬ್ಬರು ಬಂದು ಕೇಳಿದ್ರೆ ಕೊಟ್ಟುಬಿಡೋದಾ? ಆಮೇಲೆ ಅವರಿಗೆ ಯಾರು?"

ಇಬ್ಬರ ಮಾತೂ ಸರಿ ಅನ್ನಿಸುವುದು ನನ್ನ ಹುಟ್ಟುಗುಣ. ಗೋಡೆಯ ಗಡಿಯಾರ ಹತ್ತರ ಹತ್ತಿರ ಬಂದಿತ್ತು.

"ದೇವಪ್ರಸಾದರೇ, ಮಿಷನ್ ಅಂದ್ರೆ ರೈಲು ಹತ್ತಿಯೇ ಹೋಗ್ಬೇಕು ಅಂತ ಯಾರು ಹೇಳಿದ್ದು? ಓಖ್ಲಾ ಹತ್ತಿರ ಅಂತ ಲೆಕ್ಕಕ್ಕಿಲ್ವಾ? ಆ ಹುಡುಗಿ ದಾರಿಯಲ್ಲಿ ಹೆತ್ತು ಏನಾದ್ರೂ ಆದ್ರೆ ನಾನು ಇನ್ನು ಆ ಹಾಲ್‌ನಲ್ಲಿ ಕೂತು ಹಾಡ್ಲಾ?" ಇಷ್ಟು ಹೇಳಿ ಕರುಣಮ್ಮ ಫೋನ್ ಇಟ್ಟುಬಿಟ್ಟರು. ಅನುಮತಿ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವರು ಆಗಲೇ ಡಬ್ಬಿ ಬಗ್ಗಿಸುತ್ತಿದ್ದರು.

ಸುಗ್ಗಿ ಹಬ್ಬದ ಊಟಕ್ಕೆ ಬಳಸುವ ದೊಡ್ಡ ಪಾತ್ರೆ ಒಲೆ ಏರಿತು. ನನ್ನ ಹೆಂಡತಿಯೂ ಇಳಿದು ಬಂದಳು. ಗಾಬರಿಯಲ್ಲಿ ಮೂವರೂ ಒಂದು ವಿಷಯ ಮರೆತೇಬಿಟ್ಟಿದ್ದೆವು. ಹನ್ನೊಂದಕ್ಕೆ ಮುಚ್ಚಳ ತೆಗೆದು ನೋಡಿದರೆ ಬಾಸುಮತಿ ಕರಗಿ ಅಂಟಾಗಿತ್ತು, ಸೋನಾಮಸೂರಿ ಆಗಲೋ ಬೇಡವೋ ಅನ್ನುತ್ತಿತ್ತು, ಕುಚ್ಚಲಕ್ಕಿ ಮಾತ್ರ ಕಲ್ಲು ಕಲ್ಲಾಗಿ ಕೂತಿತ್ತು. ಇನ್ನೂ ಬೇಯಿಸಿದರೆ ಅಡಿ ಹತ್ತುತ್ತದೆ, ಇಳಿಸಿದರೆ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ. "ಅಯ್ಯೋ ದೇವರೇ, ಇಷ್ಟು ವರ್ಷ ದೋಸೆ ತಿಂದೂ ನೆನಪಾಗಲಿಲ್ವಲ್ರೀ ನಿಮಗೆ!" ಎಂದು ಹೆಂಡತಿ ನನ್ನ ಮೇಲೆ ಹಾಯ್ದಳು. ತಪ್ಪು ಯಾರದೇ ಇರಲಿ, ಬೈಗುಳಕ್ಕೆ ನಾನು ಹತ್ತಿರದಲ್ಲಿದ್ದೆ. ಕರುಣಮ್ಮ ಸೌಟಿನಿಂದ ಒಂದು ಅಗುಳು ತೆಗೆದು ಹಿಚುಕಿ ನೋಡಿದರು. ಅವರ ಕಣ್ಣು ತುಂಬಿದ್ದನ್ನು ಅವತ್ತೇ ಮೊದಲ ಸಲ ನೋಡಿದ್ದು. ಮರುಕ್ಷಣ ಪಕ್ಕದ ಒಲೆಯಲ್ಲಿ ಕುದಿಯುತ್ತಿದ್ದ ನೀರನ್ನೆಲ್ಲ ತಂದು ಪಾತ್ರೆಗೆ ಸುರಿದರು. "ಅನ್ನ ಆಗದಿದ್ರೆ ಬೇಡ. ಗಂಜಿ ಆಗ್ಲಿ. ಬೇಯೋವರೆಗೆ ಬೇಯ್ಲಿ, ಉಪ್ಪಿನಕಾಯಿ ಭರಣಿ ತೆಗಿ" ಎಂದರು.

ಕುಚ್ಚಲಕ್ಕಿ ಮೆತ್ತಗಾಗುವ ಹೊತ್ತಿಗೆ ಹನ್ನೆರಡಕ್ಕೆ ಸ್ವಲ್ಪವೇ ಬಾಕಿ. ಸುನೀತಾಳ ಫೋನ್ ಸ್ವಿಚ್ ಆಫ್ ಆಗಿತ್ತು. ಪಾತ್ರೆಯನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿ, ಕರುಣಮ್ಮ ಪಕ್ಕದಲ್ಲಿ ಕೂತು ಎರಡೂ ಕೈಯಿಂದ ತಬ್ಬಿಕೊಂಡರು. ಬಿಸಿ ಗಂಜಿಯನ್ನು ಕಾರಿನಲ್ಲಿ ಒಯ್ದು ನಿಮಗೆ ಗೊತ್ತಾ? ವೇಗವಾಗಿ ಹೋದರೆ ತುಳುಕುತ್ತದೆ, ನಿಧಾನ ಹೋದರೆ ಹುಡುಗಿ ಹೊರಟುಹೋಗುತ್ತಾಳೆ. ಪ್ರತಿ ಸ್ಪೀಡ್‌ಬ್ರೇಕರ್‌ಗೂ ಹಿಂದಿನಿಂದ "ಮೆಲ್ಲ!" ಎಂಬ ಕೂಗು, ದಾಟಿದ ತಕ್ಷಣ "ಬೇಗ!" ಎಂಬ ಕೂಗು. ರಿಂಗ್ ರೋಡ್ ಖಾಲಿ ಬಿದ್ದಿತ್ತು. ಅಷ್ಟು ಖಾಲಿ ದೆಹಲಿಯನ್ನು ನಾನು ನೋಡಿರಲಿಲ್ಲ, ನೋಡಿ ಖುಷಿಯೂ ಆಗಲಿಲ್ಲ.

ಓಖ್ಲಾ ತಿರುವಿನಲ್ಲಿ ಬ್ಯಾರಿಕೇಡ್. ಪೊಲೀಸಿನವನು ಪಾಸ್ ನೋಡಿದ, ನನ್ನನ್ನು ನೋಡಿದ. "ಆಪ್ ಕಾ ದಫ್ತರ್ ಇಧರ್ ಹೈ ಕ್ಯಾ?" ನಿಮ್ಮ ಆಫೀಸು ಈ ಕಡೆಯಾ? ನಾನು ಹಿಂದಿನ ಸೀಟಿನ ಕಡೆ ಕೈ ತೋರಿಸಿದೆ. ಅವನು ಹಿಂದಿನ ಬಾಗಿಲು ತೆಗೆಸಿ ಮುಚ್ಚಳ ಎತ್ತಿಸಿದ. ಹಬೆ ಅವನ ಕನ್ನಡಕಕ್ಕೆ ರಾಚಿತು.

"ಭಯ್ಯಾ," ಎಂದರು ಕರುಣಮ್ಮ, "ಏಕ್ ಲಡಕೀ ಪೇಟ್ ಸೇ ಹೈ. ಯೇ ನಹೀಂ ಪಹುಂಚಾ ತೋ ಪೈದಲ್ ಬಿಹಾರ್ ಚಲೀ ಜಾಯೇಗೀ." ಹುಡುಗಿಯೊಬ್ಬಳು ಬಸುರಿ, ಇದು ತಲುಪದಿದ್ದರೆ ಬಿಹಾರಕ್ಕೆ ನಡೆದೇ ಹೋಗುತ್ತಾಳೆ. ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಒರೆಸುತ್ತಲೇ ಇದ್ದ. ಆ ಹೊತ್ತಿನಲ್ಲಿ ನಾನು ನೌಕರಿ ಹೋದಂತೆ, ಠಾಣೆಯಲ್ಲಿ ಕೂತಂತೆ ಎಲ್ಲ ಕಲ್ಪಿಸಿಕೊಂಡು ಮುಗಿಸಿದ್ದೆ. ಕೊನೆಗೆ "ಜಾವೋ, ಜಲ್ದೀ ಜಾವೋ" ಎಂದು ಬ್ಯಾರಿಕೇಡ್ ಸರಿಸಿದ.

ತಲುಪಿದಾಗ ಹನ್ನೆರಡು ದಾಟಿ ಬಹಳ ಹೊತ್ತಾಗಿತ್ತು. ಗಲ್ಲಿ ಖಾಲಿ. ಬಾಗಿಲುಗಳಿಗೆ ಬೀಗ, ಹಗ್ಗದ ಮೇಲೆ ಮರೆತುಹೋದ ಒಂದು ಮಗುವಿನ ಅಂಗಿ. ಕರುಣಮ್ಮ ಕಾರಿನಿಂದ ಇಳಿದವರು "ಹೋದ್ಳು... ಹೋಗ್ಬಿಟ್ಳು" ಎಂದು ಅಲ್ಲೇ ಗೋಡೆಗೆ ಕೈ ಊರಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಗಲ್ಲಿಯ ಕೊನೆಯವರೆಗೆ ಹೋಗಿ ಬರೋಣವೆಂದು ನಡೆದೆ. ತಿರುವಿನಲ್ಲಿ, ಕೊನೆಯ ಬಾಗಿಲಿನ ಮೆಟ್ಟಿಲ ಮೇಲೆ, ಮಡಿಲಲ್ಲಿ ಗಂಟು ಇಟ್ಟುಕೊಂಡು ಸುನೀತಾ ಕೂತಿದ್ದಳು. ಅವಳ ಗಂಡ ಸಿಟ್ಟಿನಿಂದ ಆ ಕಡೆ ಮುಖ ಮಾಡಿ ನಿಂತಿದ್ದ. ಉಳಿದವರೆಲ್ಲ ಹೊರಟುಹೋಗಿದ್ದರು. ನನ್ನನ್ನು ನೋಡಿದ ಕೂಡಲೇ ಅವಳು ಗಂಡನಿಗೆ ಹೇಳಿದಳು: "ಬೋಲಾ ಥಾ ನ? ಆಂಟೀ ನೇ ಬೋಲಾ ಹೈ ತೋ ಆಯೇಂಗೀ." ಆಂಟಿ ಹೇಳಿದ್ದಾರೆಂದ ಮೇಲೆ ಬಂದೇ ಬರುತ್ತಾರೆ.

ಪ್ರಾರ್ಥನೆ ಮಾಡದೆ ಕರುಣಮ್ಮ ಊಟ ಬಡಿಸಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. "ದೇವರಿಗೆ ಆಮೇಲೆ ಹೇಳ್ತೇನೆ" ಎನ್ನುತ್ತ ಸೌಟು ಸೌಟು ಸುರಿದರು. ಗಂಡ ಒಂದು ಗುಟುಕು ಕುಡಿದು ತಟ್ಟೆಯನ್ನೇ ನೋಡಿದ. "ಯೇ ತೋ ಮಾಡ್-ಭಾತ್ ಹೈ!" ಎಂದ. ನಮ್ಮ ಗಂಜಿ ಅವನ ಊರಲ್ಲೂ ಉಂಟಂತೆ. ಎರಡನೇ ತಟ್ಟೆ ಖಾಲಿ ಮಾಡಿ, ಮುಂದೆ ಹೋದವರಿಗೆ ಫೋನ್ ಹಚ್ಚಿದ. ಕೆಲವರು ಮೇನ್ ರೋಡಿನಿಂದ ವಾಪಸ್ ಬಂದರು. ಕೆಲವರು ಬರಲಿಲ್ಲ. ಅವರೇನಾದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಒಲೆ ಹಚ್ಚುವ ಮೊದಲೇ ವಸಂತ್ ಕುಂಜ್‌ನಿಂದ ದೇವಪ್ರಸಾದರ ಫೋನ್. ಬೈಯುತ್ತಾರೆಂದು ಕಾದೆವು. "ಇವತ್ತಿಂದ ಅವರ ಊಟಕ್ಕೆ ನನ್ನ ಮನೆ ಅಕ್ಕಿ ತಗೊಂಡು ಹೋಗಿ" ಎಂದರು. "ಮಿಷನ್ ಅಕ್ಕಿ ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನು ಎಲ್ಲರೂ ಸೇರಿ ಮತ್ತೆ ತುಂಬಬೇಕು. ಇನ್ನು ಮೇಲೆ ಎರಡು ಡಬ್ಬಿ. ಒಂದು ಇಲ್ಲಿಗೆ, ಒಂದು ದೂರಕ್ಕೆ. ಎರಡು ಹಿಡಿ ತೆಗೀಲಿ ಎಲ್ಲರೂ." ನಿಯಮ ಮುರಿದದ್ದಕ್ಕೆ ಇನ್ನೊಂದು ನಿಯಮ ಮಾಡಿದ ಪುಣ್ಯಾತ್ಮ! ಹೆರಿಗೆಯಾಗಿ, ಯೂನಿಟ್ ತೆರೆಯುವವರೆಗೂ ಆ ಗಲ್ಲಿಗೆ ಗಂಜಿ ಹೋಯಿತು. ಹುಟ್ಟಿದ್ದು ಹೆಣ್ಣು. ಕರುಣಮ್ಮನ ಹೆಸರನ್ನೇ ಇಡುತ್ತಾರೆಂದು ನಾವೆಲ್ಲ ಕಾದಿದ್ದೆವು. ಪಿಂಕಿ ಎಂದು ಇಟ್ಟರು. "ಒಳ್ಳೇದಾಯ್ತು, ನನ್ನ ಹೆಸರು ಯಾಕೆ ಪಾಪ ಆ ಮಗುವಿಗೆ" ಎಂದು ಕರುಣಮ್ಮ ನಕ್ಕರು. ಆಮೇಲೆ ಅವರು ಮಗಳ ಮನೆಗೆಂದು ಉಡುಪಿಗೆ ಹೋದರು, ಡಬ್ಬಿಗಳು ನನ್ನ ಅಡುಗೆಮನೆಗೆ ಬಂದವು. ಕರಾವಳಿಯ ಉಳಿದ ಮನೆಗಳೂ ವರ್ಗವಾಗಿ ಹೋದವು. ಡಬ್ಬಿಯಲ್ಲಿ ಕುಚ್ಚಲಕ್ಕಿ ಕಂಡು ವರ್ಷಗಳಾಗಿದ್ದವು.

ಈಗ ನಿನ್ನೆಯ ಮಾತು. ಆರಾಧನೆ ಮುಗಿದು ನಾನು ಎರಡು ಡಬ್ಬಿ ಮುಂದಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದೆ. ಸುನೀತಾ ಈಗಲೂ ಹಾಲ್ ಗುಡಿಸುತ್ತಾಳೆ, ಅವರ ಛಠ್ ಹಬ್ಬಕ್ಕೆ ನಮಗೆಲ್ಲ ಪ್ರಸಾದದ ಸಿಹಿ ಠೇಕುವಾ ತಂದು ಕೊಡುತ್ತಾಳೆ. ನಿನ್ನೆ ಪೊರಕೆ ಗೋಡೆಗೆ ಒರಗಿಸಿ, ಪಿಂಕಿಯ ಕೈ ಹಿಡಿದು ಬಂದಳು. ಹುಡುಗಿಯ ಮುಷ್ಟಿ ಬಿಗಿಯಾಗಿತ್ತು. ಊರಿನಿಂದ ಅತ್ತೆ ಕಳಿಸಿದ ಉಸನಾ ಚಾವಲ್ ಅಂತೆ, ನಮ್ಮ ಕುಚ್ಚಲಕ್ಕಿಯ ಅಣ್ಣತಮ್ಮ.

"ನೀನ್ಯಾಕಮ್ಮ..." ಎಂದು ನಾನು ತೊದಲಿದೆ. ಪಿಂಕಿ ಆಗಲೇ ಮುಷ್ಟಿ ಎತ್ತಿದ್ದಳು. ಇಲ್ಲಿಯವರ ಡಬ್ಬಿಯನ್ನು ಅವಳ ಮುಂದಕ್ಕೆ ಸರಿಸಿದೆ. ಸುನೀತಾ ಅದನ್ನು ಪಕ್ಕಕ್ಕೆ ತಳ್ಳಿ, ಇನ್ನೊಂದನ್ನು ತೋರಿಸಿದಳು.

"ವೋ ದೂರ್ ವಾಲೇ ಬಚ್ಚೋಂ ಕೇ ಲಿಯೇ, ಅಂಕಲ್. ಯಹಾಂ ವಾಲೇ ತೋ ಹಮ್ ಹೈಂ."

ದೂರದ ಮಕ್ಕಳಿಗೆ ಹಾಕ್ತೀವಿ ಅಂಕಲ್, ಇಲ್ಲಿಯವರು ನಾವಿದ್ದೀವಲ್ಲ.

ಇವತ್ತು ಬೆಳಿಗ್ಗೆ ಆ ಮುಚ್ಚಳ ತೆಗೆದು ಎಷ್ಟು ಹೊತ್ತು ನಿಂತಿದ್ದೆನೋ. "ಅಕ್ಕಿ ಅಳೀತೀರಾ, ಇಲ್ಲ ನಾನೇ ಬರ್ಲಾ?" ಎಂದು ಹೆಂಡತಿ ಕೂಗಿದಳು. ಅಳೆದೆ. ಇಲ್ಲಿಗೆಂದು ಒಂದು ಹಿಡಿ ತೆಗೆದೆ, ದೂರಕ್ಕೆಂದು ಇನ್ನೊಂದು. ಆಮೇಲೆ ಯಾರಿಗೆಂದು ತಿಳಿಯದೆ ಮತ್ತೊಂದು ಹಿಡಿ ತೆಗೆದೆ. ಮೇನ್ ರೋಡಿನಿಂದ ವಾಪಸ್ ಬಾರದವರು ನೆನಪಾಗಿದ್ದರು. ಮಧ್ಯಾಹ್ನ ಅನ್ನ ಸಾಲಲಿಲ್ಲ ಎಂದು ಹೆಂಡತಿ ಗೊಣಗುತ್ತಾ ಬ್ರೆಡ್ ತೆಗೆದಿಟ್ಟಳು, ಇಬ್ಬರೂ ಅದನ್ನೇ ತಿಂದೆವು.